ತಾರೆಗೆ ಪಟ್ಟ ಕಟ್ಟುವವರು ಯಾರು?

ಬೆಂಗಳೂರಿನ ಗಾಂಧಿನಗರದಿಂದ ಕನಕಪುರ ತಾಲ್ಲೂಕಿನ ಕೋಡಿಹಳ್ಳಿಗೆ ಬಸ್ಸಿನಲ್ಲಿ ಹೊರಟರೆ ಅರ್ಧ ದಿನವೂ ಬೇಡ. ಆದರೆ ಇದೇ ದಾರಿಯನ್ನು ಸವೆಸಲು ಒಂದು ಕಾಲದಲ್ಲಿ ಕನ್ನಡ ಸಿನಿಮಾಕ್ಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವೇ ಹಿಡಿಯುತ್ತಿತ್ತು. ಗಾಂಧಿನಗರದಲ್ಲಿ ಹಂಚಿಕೆದಾರರ ಕಚೇರಿ. ಅಲ್ಲಿಂದ ಕೆಂಪೇಗೌಡ ರಸ್ತೆಯ ದೊಡ್ಡ ಚಿತ್ರಮಂದಿರ. ಅಲ್ಲಿ ಓಟ ಮುಗಿದ ಮೇಲೆ ಜಿಲ್ಲಾ ಕೇಂದ್ರಗಳು, ಆಮೇಲೆ ತಾಲ್ಲೂಕು ಪೇಟೆಗಳು, ಎಲ್ಲಕ್ಕೂ ಕೊನೆಗೆ ಹೋಬಳಿ ಊರುಗಳ ಟೂರಿಂಗ್ ಟಾಕೀಸು. ರೀಲಿನ ಡಬ್ಬಗಳು ಅಷ್ಟು ದೂರ ಬರುವ ಹೊತ್ತಿಗೆ ಪ್ರಿಂಟಿನ ತುಂಬ ಗೀರು ಬಿದ್ದಿರುತ್ತಿದ್ದವು. ಒಂದೆರಡು ಹಾಡು ಮಾಯವಾಗಿರುವುದೂ ಇತ್ತು.

ಇಂದು ಕೋಡಿಹಳ್ಳಿಯ ಹುಡುಗನೊಬ್ಬ ಹೊಸ ಚಿತ್ರದ ಟೀಸರನ್ನು ಬೆಂಗಳೂರಿನವರು ನೋಡುವ ಕ್ಷಣದಲ್ಲೇ ತನ್ನ ಮೊಬೈಲಿನಲ್ಲಿ ನೋಡುತ್ತಾನೆ. ಚಿತ್ರ ಬಿಡುಗಡೆಯಾದ ದಿನ ಸಂಜೆಯೊಳಗೆ ಅದು ಎಷ್ಟು ಕೋಟಿ ಗಳಿಸಿತು ಎಂಬ ಲೆಕ್ಕವೂ ಅವನ ಕೈಗೆ ಬರುತ್ತದೆ. ಅವನ ಅಜ್ಜನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಆದರೆ ಯಾರು ದೊಡ್ಡ ನಟ, ಯಾರು ಅಲ್ಲ ಎಂಬುದರ ಬಗ್ಗೆ ಆ ತಲೆಮಾರಿಗೆ ಸಂಶಯವಿರಲಿಲ್ಲ.

ಅಗ್ರಶ್ರೇಣಿಯ ತಾರೆ ಎಂದು ಯಾರನ್ನು ಕರೆಯಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಸಾಮಾನ್ಯವಾಗಿ ನಟನ ರೂಪ, ಅಭಿನಯ, ಅದೃಷ್ಟ, ಸಂಭಾವನೆಗಳನ್ನು ಪಟ್ಟಿ ಮಾಡುತ್ತಾರೆ. ಇವೆಲ್ಲವೂ ಬೇಕಾದವೇ. ಆದರೆ ಕನ್ನಡ ಚಿತ್ರರಂಗದ ತೊಂಬತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ, ತಾರೆಯನ್ನು ಮಾಡುವುದರಲ್ಲಿ ಚಿತ್ರ ಜನರನ್ನು ತಲುಪುವ ದಾರಿಗೂ ದೊಡ್ಡ ಪಾಲಿದೆ ಎಂಬುದು ತಿಳಿಯುತ್ತದೆ. ದಾರಿ ಬದಲಾದಾಗಲೆಲ್ಲ ತಾರೆಯ ಅರ್ಥವೂ ಬದಲಾಗಿದೆ. ಪಟ್ಟ ಕಟ್ಟುವ ಅಧಿಕಾರವೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿದೆ.

ಕಂಪನಿ ನಾಟಕದ ಬಳುವಳಿ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆ ಕಂಡಿತು. ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ನಾಯಕ ಎಂ.ವಿ. ಸುಬ್ಬಯ್ಯ ನಾಯ್ಡು, ನಾಯಕಿ ತ್ರಿಪುರಾಂಬ, ರಾವಣನ ಪಾತ್ರದಲ್ಲಿ ಆರ್. ನಾಗೇಂದ್ರರಾಯರು. ಇವರೆಲ್ಲ ರಂಗಭೂಮಿಯಲ್ಲಿ ಆಗಲೇ ಹೆಸರು ಮಾಡಿದ್ದವರು. ಸಿನಿಮಾ ಇವರನ್ನು ಹೊಸದಾಗಿ ತಾರೆಗಳನ್ನಾಗಿ ಮಾಡಲಿಲ್ಲ. ನಾಟಕ ಕಂಪನಿಗಳು ಊರೂರು ಸುತ್ತಿ ಸಂಪಾದಿಸಿದ್ದ ಜನಪ್ರಿಯತೆಯನ್ನು ಸಿನಿಮಾ ಎರವಲು ಪಡೆಯಿತು.

ಕಂಪನಿ ನಾಟಕದ ನಟನನ್ನು ಅಳೆಯುವ ಕ್ರಮ ಸರಳವಾಗಿತ್ತು. ಕಂಪನಿ ಒಂದು ಊರಿನಲ್ಲಿ ಬೀಡುಬಿಟ್ಟಾಗ ಯಾರ ಹೆಸರು ಹೇಳಿದರೆ ಸುತ್ತಲಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಜನ ಬರುತ್ತಾರೋ ಅವನೇ ದೊಡ್ಡ ನಟ. ಹಾಡು ಬರಬೇಕು, ಮಾತು ಕೊನೆಯ ಸಾಲಿನವರಿಗೂ ಕೇಳಿಸಬೇಕು, ಪೌರಾಣಿಕ ಪಾತ್ರಕ್ಕೆ ತಕ್ಕ ನಿಲುವು ಇರಬೇಕು. ಗುಬ್ಬಿ ವೀರಣ್ಣನವರ ಕಂಪನಿಯಂಥ ಕಡೆ ಈ ಮೂರನ್ನೂ ಬಾಲ್ಯದಿಂದಲೇ ಕಲಿಯಬೇಕಾಗಿತ್ತು.

ಹೀಗೆ ಕಲಿತವರಲ್ಲಿ ಒಬ್ಬರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ್. 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿದ ಮುತ್ತುರಾಜ್ ಅವರನ್ನು ಎಚ್.ಎಲ್.ಎನ್. ಸಿಂಹ 1954ರ ‘ಬೇಡರ ಕಣ್ಣಪ್ಪ’ ಚಿತ್ರದ ನಾಯಕನನ್ನಾಗಿ ಮಾಡಿ, ರಾಜ್‌ಕುಮಾರ್ ಎಂಬ ಹೆಸರು ಕೊಟ್ಟರು. ಅದೇ ಚಿತ್ರದಲ್ಲಿ ನರಸಿಂಹರಾಜು, ಜಿ.ವಿ. ಅಯ್ಯರ್ ಇದ್ದರು. ಚಿತ್ರ ಗೆದ್ದರೂ ಕಲಾವಿದರ ಬದುಕು ನೆಟ್ಟಗಾಗಲಿಲ್ಲ. ಕೈಯಲ್ಲಿ ಚಿತ್ರಗಳಿಲ್ಲದ ದಿನಗಳಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಕಲಾವಿದರ ಸಂಘ ಕಟ್ಟಿಕೊಂಡು ನಾಟಕಗಳನ್ನಾಡುತ್ತ ಊರೂರು ಸುತ್ತಿದರು. 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರವನ್ನು ಸೇರಿಯೇ ನಿರ್ಮಿಸಿದರು. ಮುಂದೆ ಅಗ್ರತಾರೆ ಎನಿಸಿದ ವ್ಯಕ್ತಿಯನ್ನು ಹಳ್ಳಿಯ ಜನ ತೆರೆಯ ಮೇಲೆ ಮಾತ್ರವಲ್ಲ, ಕೈಗೆಟಕುವ ದೂರದಲ್ಲಿ ಕಂಡಿದ್ದರು ಎಂಬುದನ್ನು ಮರೆಯುವಂತಿಲ್ಲ.

ಟೆಂಟಿನ ಲೆಕ್ಕಾಚಾರ

ಟೂರಿಂಗ್ ಟಾಕೀಸಿನ ವ್ಯವಸ್ಥೆಯನ್ನು ಅರಿಯದೆ ಆ ಕಾಲದ ತಾರಾಮೌಲ್ಯ ಅರ್ಥವಾಗುವುದಿಲ್ಲ. ಊರ ಹೊರಗಿನ ಬಯಲಿನಲ್ಲಿ ಟೆಂಟು. ಕತ್ತಲಾದ ಮೇಲಷ್ಟೇ ಆಟ. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ಹೆಂಗಸರಿಗೆ ಒಂದು ಕಡೆ, ಗಂಡಸರಿಗೆ ಇನ್ನೊಂದು ಕಡೆ. ನೆಲದಲ್ಲಿ ಕೂರುವವರು ಮುಂದಿನವರ ತಲೆ ಅಡ್ಡ ಬಾರದಂತೆ ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂರುತ್ತಿದ್ದರು. ಪ್ರೊಜೆಕ್ಟರ್ ಒಂದೇ ಇದ್ದುದರಿಂದ ರೀಲು ಬದಲಿಸುವಾಗಲೆಲ್ಲ ಆಟ ನಿಲ್ಲುತ್ತಿತ್ತು. ಹಗಲು ಹೊತ್ತು ಧ್ವನಿವರ್ಧಕ ಕಟ್ಟಿದ ಗಾಡಿ ಸುತ್ತಲಿನ ಹಳ್ಳಿಗಳಲ್ಲಿ ಸಾರುತ್ತ ಹೋದರೆ, ಅದರಿಂದ ಎಸೆಯುವ ಬಣ್ಣದ ಕಾಗದಕ್ಕಾಗಿ ಮಕ್ಕಳು ಹಿಂದೆ ಓಡುತ್ತಿದ್ದರು.

ಈ ಟೆಂಟಿನ ಮಾಲೀಕ ಪೇಟೆಯ ಚಿತ್ರಮಂದಿರದವನ ಹಾಗೆ ಕೈಸುಟ್ಟುಕೊಳ್ಳಲು ಸಿದ್ಧನಿರಲಿಲ್ಲ. ರಾಗಿ, ರೇಷ್ಮೆ ಬೆಳೆಯುವ ಊರುಗಳಲ್ಲಿ ಜನರ ಕೈಯಲ್ಲಿ ಕಾಸು ಆಡುವ ದಿನಗಳು ಎಣಿಕೆಯವು. ಆ ದಿನಗಳಲ್ಲಿ ಯಾವ ಚಿತ್ರ ಹಾಕಿದರೆ ನೆಲ ತುಂಬುತ್ತದೆ ಎಂಬುದು ಅವನಿಗೆ ಖಚಿತವಾಗಿ ಗೊತ್ತಿರಬೇಕಾಗಿತ್ತು. ಕಥೆ ಏನೆಂದು ವಿವರಿಸಲು ಸಮಯವಿಲ್ಲ; ಪತ್ರಿಕೆಯ ವಿಮರ್ಶೆ ಅಲ್ಲಿಗೆ ತಲುಪುವುದಿಲ್ಲ. ಪೋಸ್ಟರಿನ ಮೇಲಿನ ಮುಖವೇ ಎಲ್ಲವನ್ನೂ ಹೇಳಬೇಕು. ತಾರೆ ಎಂದರೆ ಹೀಗೆ ವಿವರಣೆ ಬೇಡದ ಮುಖ. ಹೊಸ ಚಿತ್ರ ಸಿಗದಿದ್ದರೆ ಅದೇ ನಟನ ಹತ್ತು ವರ್ಷ ಹಳೆಯ ಚಿತ್ರವನ್ನು ಹಾಕಿದರೂ ಜನ ಬರುತ್ತಿದ್ದರು.

ಹಂಚಿಕೆದಾರನ ಲೆಕ್ಕವೂ ಇದನ್ನೇ ಆಧರಿಸಿತ್ತು. ಕರ್ನಾಟಕವನ್ನು ಚಿತ್ರೋದ್ಯಮ ಹಲವು ವಲಯಗಳಾಗಿ ಹಂಚಿಕೊಂಡಿದೆ. ಬೆಂಗಳೂರು–ಕೋಲಾರ–ತುಮಕೂರು ಒಂದು ವಲಯ. ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ ಸೀಮೆ ಹಳೆಯ ಬೆಂಗಳೂರು ಜಿಲ್ಲೆಗೆ ಸೇರಿದ್ದು. ಇದು 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಒಂದು ವಲಯದ ಹಂಚಿಕೆದಾರ ಚಿತ್ರ ಮುಗಿಯುವ ಮೊದಲೇ ನಿರ್ಮಾಪಕನಿಗೆ ಮುಂಗಡ ಕೊಡುತ್ತಿದ್ದ. ಚಿತ್ರ ಹೇಗಿದ್ದರೂ ಇಂತಿಷ್ಟು ಹಣ ಖಂಡಿತ ಎಂಬ ಈ ಏರ್ಪಾಡಿಗೆ ಮಿನಿಮಮ್ ಗ್ಯಾರಂಟಿ ಎಂದೇ ಹೆಸರು. ಇಲ್ಲದ ಚಿತ್ರಕ್ಕೆ ದುಡ್ಡು ಕೊಡುವವನಿಗೆ ಏನಾದರೂ ಆಧಾರ ಬೇಕಲ್ಲ? ಆ ಆಧಾರವೇ ತಾರೆಯ ಹೆಸರು. ನಾಯಕ ನಟನ ಕಾಲ್‌ಶೀಟ್ ಕೈಗೆ ಬಂದರೆ ಮುಂಗಡ ಬರುತ್ತಿತ್ತು, ಮುಂಗಡ ಬಂದರೆ ಚಿತ್ರ ಆರಂಭವಾಗುತ್ತಿತ್ತು. ನರಸಿಂಹರಾಜು ಅವರಂಥ ಹಾಸ್ಯನಟ ಚಿತ್ರದಲ್ಲಿದ್ದಾರೆಯೇ ಎಂದು ಹಂಚಿಕೆದಾರರು ಕೇಳುತ್ತಿದ್ದುದೂ ಇದೇ ಕಾರಣಕ್ಕೆ.

ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹರಿದುಹೋಗುವ ಜಾಗವನ್ನು ಹಳ್ಳಿಗಳಲ್ಲಿ ಕೋಡಿ ಎನ್ನುತ್ತಾರೆ. ಸಿನಿಮಾ ಕೂಡ ಹೀಗೆಯೇ, ನಗರದಲ್ಲಿ ತುಂಬಿದ ಮೇಲೆ ಹಳ್ಳಿಗೆ ಹರಿಯುತ್ತಿತ್ತು. ಪ್ರಿಂಟುಗಳು ಕಡಿಮೆ, ದುಬಾರಿ. ಒಂದೇ ಪ್ರಿಂಟು ಊರಿಂದ ಊರಿಗೆ ಹೋಗಬೇಕು. ಆದ್ದರಿಂದ ತೀರ್ಪು ನಿಧಾನವಾಗಿ ಬರುತ್ತಿತ್ತು. ನೂರು ದಿನ, ಇಪ್ಪತ್ತೈದು ವಾರ ಎಂಬ ಅಳತೆಗೋಲುಗಳು ಹುಟ್ಟಿದ್ದು ಈ ನಿಧಾನದಿಂದ. ಕೊನೆಯ ಊರಿನ ಕೊನೆಯ ಆಟ ಮುಗಿಯುವವರೆಗೂ ಲೆಕ್ಕದ ಪುಸ್ತಕ ಮುಚ್ಚುತ್ತಿರಲಿಲ್ಲ.

ರಾಜ್‌ಕುಮಾರ್ ಎಂಬ ಮಾದರಿ

ಈ ವ್ಯವಸ್ಥೆಯ ಅತ್ಯಂತ ದೊಡ್ಡ ಫಲ ರಾಜ್‌ಕುಮಾರ್. ಅವರು ಅಭಿನಯಿಸಿದ ಚಿತ್ರಗಳು ಇನ್ನೂರಕ್ಕೂ ಹೆಚ್ಚು. 1960ರ ದಶಕದಲ್ಲಿ ವರ್ಷಕ್ಕೆ ಹತ್ತಕ್ಕೂ ಮೀರಿ ಅವರ ಚಿತ್ರಗಳು ಬಂದ ವರ್ಷಗಳಿವೆ. ಟೆಂಟಿನ ಮಾಲೀಕನಿಗೆ ಬೇಕಾಗಿದ್ದುದು ಈ ಎಡೆಬಿಡದ ಪೂರೈಕೆ. ಪುರಾಣ, ಇತಿಹಾಸ, ಸಂಸಾರ, ಪತ್ತೇದಾರಿ, ಹೀಗೆ ಎಲ್ಲ ಬಗೆಯ ಕಥೆಗೂ ಒಂದೇ ಮುಖ ಹೊಂದಿಕೊಂಡಿದ್ದರಿಂದ ಅಜ್ಜಿಯಿಂದ ಮೊಮ್ಮಗನವರೆಗೆ ಒಂದೇ ಮನೆಯವರು ಒಂದೇ ನಟನ ಅಭಿಮಾನಿಗಳಾಗುವುದು ಸಾಧ್ಯವಾಯಿತು.

1972ರ ಮಾರ್ಚ್ 31ರಂದು ತೆರೆಗೆ ಬಂದ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಟಿ.ಕೆ. ರಾಮರಾಯರ ಕಾದಂಬರಿಯನ್ನು ಸಿದ್ದಲಿಂಗಯ್ಯ ಚಿತ್ರ ಮಾಡಿದ್ದರು. ನಾಯಕ ರಾಜೀವ ಬಂಡೆ ಒಡೆದು ಬರಡು ನೆಲವನ್ನು ಹೊಲ ಮಾಡುತ್ತಾನೆ. ತನ್ನವರಿಗೆಂದು ದುಡಿದು, ಕೊನೆಗೆ ಎಲ್ಲವನ್ನೂ ಬಿಟ್ಟು ಹೊರಟುಹೋಗುತ್ತಾನೆ. ಇದನ್ನು ನೋಡಿ ಪಟ್ಟಣದಿಂದ ಊರಿಗೆ ಮರಳಿ ಬೇಸಾಯ ಹಿಡಿದ ಯುವಕರ ಬಗ್ಗೆ ಕರ್ನಾಟಕದ ಉದ್ದಗಲಕ್ಕೂ ಮಾತಿದೆ. ಕಲ್ಲುಗುಡ್ಡಗಳ ನಡುವೆ ರಾಗಿ ಬೆಳೆಯುವ ಕನಕಪುರ ಸೀಮೆಯ ಪ್ರೇಕ್ಷಕನಿಗೆ ಆ ಬಂಡೆ ಸಿನಿಮಾದ ಬಂಡೆಯಾಗಿ ಕಾಣಿಸಿರಲಾರದು. ತಾರೆ ಜನರ ಬದುಕಿನ ಒಂದು ನಿರ್ದಿಷ್ಟ ಕಷ್ಟವನ್ನು ತನ್ನ ಮೇಲೆ ಹೊತ್ತುಕೊಂಡು ತೋರಿಸಿದಾಗ ಅವನ ಸ್ಥಾನ ಬೇರೆಯಾಗುತ್ತದೆ.

ಮೂರು ಸಂಗತಿಗಳು ಈ ಸ್ಥಾನವನ್ನು ಭದ್ರಗೊಳಿಸಿದವು. ಮೊದಲನೆಯದು ಕಂಠ. 1974ರ ‘ಸಂಪತ್ತಿಗೆ ಸವಾಲ್’ ಬಳಿಕ ಅವರು ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದರು. 1992ರ ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ರೇಡಿಯೊ, ಆಮೇಲೆ ಕ್ಯಾಸೆಟ್ಟು ಚಿತ್ರಮಂದಿರವಿಲ್ಲದ ಊರಿಗೂ ಅವರನ್ನು ಕೊಂಡೊಯ್ದವು. ಎರಡನೆಯದು ವ್ಯವಹಾರ. 1975ರ ‘ತ್ರಿಮೂರ್ತಿ’ಯಿಂದ ಪತ್ನಿ ಪಾರ್ವತಮ್ಮ ನಿರ್ಮಾಪಕಿಯಾದರು. ಕಥೆಯ ಆಯ್ಕೆಯಿಂದ ಹಂಚಿಕೆಯವರೆಗೆ ಎಲ್ಲವೂ ಮನೆಯ ಹಿಡಿತಕ್ಕೆ ಬಂದಿತು. ಮೂರನೆಯದು ಭಾಷೆ. 1982ರ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಇಳಿದ ಮೇಲೆ ಅದು ಬೀದಿ ಬೀದಿಯ ಚಳವಳಿಯಾಯಿತು. ತಮಿಳಿನಲ್ಲಿ ಎಂ.ಜಿ. ರಾಮಚಂದ್ರನ್ 1977ರಲ್ಲಿ, ತೆಲುಗಿನಲ್ಲಿ ಎನ್.ಟಿ. ರಾಮರಾವ್ 1983ರಲ್ಲಿ ಮುಖ್ಯಮಂತ್ರಿಗಳಾದರು. ರಾಜ್‌ಕುಮಾರ್ ಚುನಾವಣೆಗೆ ನಿಲ್ಲಲೇ ಇಲ್ಲ. ಹೀಗಾಗಿ ಪಕ್ಷದ ಗೆರೆ ಅವರ ಅಭಿಮಾನಿಗಳನ್ನು ಇಬ್ಭಾಗ ಮಾಡಲಿಲ್ಲ. ಅಭಿಮಾನಿಗಳನ್ನು ಅವರು ದೇವರುಗಳೆಂದು ಕರೆದರು. ಪಟ್ಟ ಕಟ್ಟಿದವರು ಯಾರೆಂಬುದು ಅವರಿಗೆ ತಿಳಿದಿತ್ತು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. 2000ದ ಜುಲೈ 30ರಂದು ವೀರಪ್ಪನ್ ಗಾಜನೂರಿನಿಂದ ಅವರನ್ನು ಅಪಹರಿಸಿದಾಗ 108 ದಿನ ನಾಡೇ ತಳಮಳಿಸಿತು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಬೆಂಗಳೂರಿನಲ್ಲಿ ನಡೆದ ಗಲಭೆಯಲ್ಲಿ ಪೊಲೀಸರೊಬ್ಬರೂ ಸೇರಿ ಹಲವರು ಸತ್ತರು. ಅಭಿಮಾನ ಎಷ್ಟು ದೊಡ್ಡದೋ ಅದನ್ನು ನಿಭಾಯಿಸುವ ಹೊಣೆಯೂ ಅಷ್ಟೇ ದೊಡ್ಡದು ಎಂಬುದಕ್ಕೆ ಆ ದಿನಗಳು ಸಾಕ್ಷಿ.

ದಶವಾರದಿಂದ ನಾಲ್ಕು ಭಾಷೆಗಳಿಗೆ

ಅಗ್ರತಾರೆ ಎಂದರೆ ನಾಯಕನಟನೇ ಎಂಬ ಗ್ರಹಿಕೆ ಇಂದು ಬೇರೂರಿದೆ. ಇದನ್ನು ಪ್ರಶ್ನಿಸಲು ಈ ಜಿಲ್ಲೆಯೇ ಒಳ್ಳೆಯ ಉದಾಹರಣೆ ಒದಗಿಸುತ್ತದೆ. ಬಿ. ಸರೋಜಾದೇವಿಯವರ ಊರು ಚನ್ನಪಟ್ಟಣ ತಾಲ್ಲೂಕಿನ ದಶವಾರ. 1955ರಲ್ಲಿ ಹೊನ್ನಪ್ಪ ಭಾಗವತರ್ ಅವರ ‘ಮಹಾಕವಿ ಕಾಳಿದಾಸ’ದ ಮೂಲಕ ಬೆಳಕಿಗೆ ಬಂದ ಅವರು 1958ರಲ್ಲಿ ಎಂ.ಜಿ. ರಾಮಚಂದ್ರನ್ ಜೊತೆ ತಮಿಳಿನ ‘ನಾಡೋಡಿ ಮನ್ನನ್’, 1959ರಲ್ಲಿ ದಿಲೀಪ್ ಕುಮಾರ್ ಜೊತೆ ಹಿಂದಿಯ ‘ಪೈಗಾಮ್’ ಚಿತ್ರದಲ್ಲಿ ಅಭಿನಯಿಸಿದರು. ತೆಲುಗಿನಲ್ಲಿಯೂ ಬೇಡಿಕೆಯ ನಟಿಯಾದರು. 1961ರ ‘ಕಿತ್ತೂರು ಚೆನ್ನಮ್ಮ’, 1964ರ ‘ಅಮರಶಿಲ್ಪಿ ಜಕಣಾಚಾರಿ’ ಕನ್ನಡಿಗರು ಮರೆಯದ ಚಿತ್ರಗಳು.

ಕನ್ನಡಿಗರು ಅವರನ್ನು ಅಭಿನಯ ಸರಸ್ವತಿ ಎಂದರು. ತಮಿಳರು ‘ಕನ್ನಡತ್ತು ಪೈಂಗಿಳಿ’, ಎಂದರೆ ಕನ್ನಡದ ಮುದ್ದುಗಿಳಿ ಎಂದು ಕರೆದರು. ನಾಡಿನಾಚೆ ಹೋಗಿ ತಾರೆಯಾಗುವುದನ್ನು ಇಂದು ಹೊಸ ಸಾಧನೆ ಎಂಬಂತೆ ವರ್ಣಿಸುತ್ತಾರೆ. ದಶವಾರದ ಹೆಣ್ಣುಮಗಳು ಅದನ್ನು ಅರವತ್ತು ವರ್ಷಗಳ ಹಿಂದೆಯೇ ಮಾಡಿದ್ದರು. ವ್ಯತ್ಯಾಸ ಇಷ್ಟೇ: ಅಂದು ನಟಿ ತಾನೇ ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಹೋಗಿ, ಅಲ್ಲಿಯ ಮಾತು ಕಲಿತು, ಅಲ್ಲಿಯ ಜನರ ನಡುವೆ ನೆಲೆಯೂರಬೇಕಾಗಿತ್ತು. ಇಂದು ಚಿತ್ರವೇ ಭಾಷೆ ಬದಲಿಸಿಕೊಂಡು ಹೋಗುತ್ತದೆ. 2025ರ ಜುಲೈ 14ರಂದು ತೀರಿಕೊಂಡ ಸರೋಜಾದೇವಿಯವರ ಅಂತ್ಯಕ್ರಿಯೆ ಸರ್ಕಾರಿ ಗೌರವದೊಡನೆ ದಶವಾರದಲ್ಲೇ ನಡೆಯಿತು.

ಆದರೂ ಕನ್ನಡದಲ್ಲಿ ತನ್ನ ಹೆಸರಿನಿಂದಲೇ ಚಿತ್ರಮಂದಿರ ತುಂಬಿಸಿದ ನಟಿಯರನ್ನು ಬೆರಳೆಣಿಕೆಯಲ್ಲಿ ಹೇಳಬೇಕು. 1960–70ರ ದಶಕಗಳಲ್ಲಿ ಮಿನುಗುತಾರೆ ಕಲ್ಪನಾ, 1989ರ ‘ನಂಜುಂಡಿ ಕಲ್ಯಾಣ’ದಿಂದ ಆರಂಭಿಸಿ ಮುಂದಿನ ಕೆಲವು ವರ್ಷ ಮಾಲಾಶ್ರೀ ಆ ಶಕ್ತಿ ತೋರಿದರು. ಅವರ ಹೆಸರಿಗೆ ಹಂಚಿಕೆದಾರರು ಮುಂಗಡ ಕೊಟ್ಟರು. ಆದರೆ ಅಭಿಮಾನಿ ಸಂಘಗಳು ಬಹುಮಟ್ಟಿಗೆ ಗಂಡಸರ ಕೂಟಗಳಾಗಿದ್ದರಿಂದ, ಹೆಂಗಸರ ಮೆಚ್ಚುಗೆ ಟಿಕೆಟ್ಟಿನ ರೂಪದಲ್ಲಿ ಎಷ್ಟೇ ಬಂದರೂ ಸಂಘದ ರೂಪದಲ್ಲಿ ಉಳಿಯಲಿಲ್ಲ.

ರಾಮನಗರದ ಬೆಟ್ಟಗಳು ಇನ್ನೊಂದು ಪಾಠ ಹೇಳುತ್ತವೆ. 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿ ಇಲ್ಲಿ ‘ಶೋಲೆ’ ಚಿತ್ರೀಕರಣ ಆರಂಭಿಸಿದರು. ರಾಮದೇವರಬೆಟ್ಟದ ಬುಡದಲ್ಲಿ ರಾಮಗಢವೆಂಬ ಊರೇ ಎದ್ದಿತು. ಧರ್ಮೇಂದ್ರ, ಸಂಜೀವ್ ಕುಮಾರ್, ಹೇಮಾಮಾಲಿನಿ, ಅಮಿತಾಭ್ ಬಚ್ಚನ್ ಎಲ್ಲರೂ ಇದ್ದರು. 1975ರ ಆಗಸ್ಟ್ 15ರಂದು ಬಿಡುಗಡೆಯಾದಾಗ ಚಿತ್ರ ಸೋತಿತೆಂದೇ ಮೊದಲ ದಿನಗಳಲ್ಲಿ ವ್ಯಾಪಾರಿಗಳು ಭಾವಿಸಿದರು. ಬಾಯಿಂದ ಬಾಯಿಗೆ ಹರಡಿದ ಮಾತು ಅದನ್ನು ಎತ್ತಿ ನಿಲ್ಲಿಸಿತು. ಮುಂಬೈನ ಮಿನರ್ವಾದಲ್ಲಿ ಅದು ಐದು ವರ್ಷ ಓಡಿತು. ಹೆಚ್ಚು ಪರಿಚಿತರಲ್ಲದ ಅಮ್ಜದ್ ಖಾನ್ ಗಬ್ಬರ್ ಸಿಂಗನಾಗಿ ಮನೆಮಾತಾದರು. ಅಂದಿನ ಅಳತೆ ಇಂದಿನಂತೆ ಮೊದಲ ಮೂರು ದಿನಗಳದ್ದಾಗಿದ್ದರೆ ಗಬ್ಬರ್ ಸಿಂಗನಿಗೆ ತಾರಾಪಟ್ಟ ಸಿಗುತ್ತಿತ್ತೇ ಎಂಬುದು ಯೋಚಿಸಬೇಕಾದ ಪ್ರಶ್ನೆ.

ದಾರಿ ಬದಲಾದಾಗ

1972ರ ‘ನಾಗರಹಾವು’ ಚಿತ್ರದಿಂದ ಬಂದ ವಿಷ್ಣುವರ್ಧನ್ ಮತ್ತು ಅಂಬರೀಶ್, ಅವರ ಬೆನ್ನಿಗೆ ಶಂಕರ್‌ನಾಗ್, 1987ರ ‘ಪ್ರೇಮಲೋಕ’ದಿಂದ ಮನೆಮಾತಾದ ರವಿಚಂದ್ರನ್, 1986ರ ‘ಆನಂದ್’ನಿಂದ ಶಿವರಾಜ್‌ಕುಮಾರ್, ಇವರೆಲ್ಲ ಹಳೆಯ ದಾರಿಯಲ್ಲೇ ಬೆಳೆದವರು. ಪ್ರತಿಯೊಬ್ಬರಿಗೂ ಒಂದೊಂದು ಜನವರ್ಗ, ಒಂದೊಂದು ಸೀಮೆ ಒಲಿಯಿತು. ಇವರಲ್ಲಿ ಶಂಕರ್‌ನಾಗ್ ಅವರದು ವಿಶೇಷ ಪ್ರಸಂಗ. 1980ರ ‘ಆಟೋ ರಾಜ’ ಚಿತ್ರದ ನಾಯಕ 1990ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ಮೂವತ್ತಾರು ತುಂಬಿರಲಿಲ್ಲ. ದಶಕಗಳಿಂದ ಒಂದು ಹೊಸ ಚಿತ್ರವೂ ಇಲ್ಲದಿದ್ದರೂ, ಅವರು ತೀರಿಕೊಂಡ ಮೇಲೆ ಹುಟ್ಟಿದ ಚಾಲಕರ ಆಟೋಗಳ ಹಿಂಬದಿಯಲ್ಲೂ ಅವರ ಚಿತ್ರವಿದೆ. ಗಲ್ಲಾಪೆಟ್ಟಿಗೆಯ ಯಾವ ಲೆಕ್ಕವೂ ಇದನ್ನು ವಿವರಿಸಲಾರದು.

1990ರ ದಶಕದಿಂದ ದಾರಿ ಬದಲಾಗತೊಡಗಿತು. ಮನೆಗೆ ಕೇಬಲ್ ಟಿ.ವಿ. ಬಂತು; ಟೆಂಟುಗಳು ಒಂದೊಂದಾಗಿ ಎದ್ದುಹೋದವು. ನಗರಗಳಿಗೆ ಮಲ್ಟಿಪ್ಲೆಕ್ಸ್ ಬಂದಿತು. 2006ರ ಡಿಸೆಂಬರ್ ಕೊನೆಯಲ್ಲಿ ಬಿಡುಗಡೆಯಾದ ‘ಮುಂಗಾರು ಮಳೆ’ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಓಡಿ, ಕಿರುತೆರೆಯಿಂದ ಬಂದ ಗಣೇಶ್ ಅವರನ್ನು ತಾರೆಯನ್ನಾಗಿ ಮಾಡಿತು. ಹಾಗೆ ದಿನಗಳ ಲೆಕ್ಕದಲ್ಲಿ ಗೆದ್ದ ಕೊನೆಯ ದೊಡ್ಡ ಚಿತ್ರಗಳಲ್ಲಿ ಅದೂ ಒಂದು. ಆಮೇಲೆ ರೀಲಿನ ಡಬ್ಬಗಳೇ ಮರೆಯಾಗಿ ಡಿಜಿಟಲ್ ಪ್ರದರ್ಶನ ಬಂತು. ನೂರಾರು ಪರದೆಗಳಲ್ಲಿ ಒಂದೇ ದಿನ ಚಿತ್ರ ತೋರಿಸಲು ಪ್ರಿಂಟಿನ ಖರ್ಚು ಅಡ್ಡಿಯಾಗಲಿಲ್ಲ. ಆರು ತಿಂಗಳಲ್ಲಿ ಬರುತ್ತಿದ್ದ ಹಣ ಮೂರು ದಿನದಲ್ಲಿ ಬರುವಂತಾಯಿತು.

ಇದರೊಡನೆ ಇನ್ನೊಂದು ಗೋಡೆಯೂ ಬಿತ್ತು. ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂದು ಕನ್ನಡ ಚಿತ್ರರಂಗ 1960ರ ದಶಕದಿಂದ ಹೋರಾಡಿಕೊಂಡು ಬಂದಿತ್ತು. ಆ ಅಘೋಷಿತ ತಡೆ ಸಲ್ಲದೆಂದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹೇಳಿತು. ಆಶ್ಚರ್ಯವೆಂದರೆ, ಡಬ್ಬಿಂಗ್ ಬಂದರೆ ಕನ್ನಡ ಕಲಾವಿದರು ಮುಳುಗುತ್ತಾರೆಂದು ಅಂಜಿದ ಉದ್ಯಮದಿಂದಲೇ, ಕನ್ನಡದಿಂದ ಹೊರಕ್ಕೆ ಹೋದ ಡಬ್ಬಿಂಗ್ ದೇಶವ್ಯಾಪಿ ತಾರೆಗಳನ್ನು ಸೃಷ್ಟಿಸಿತು. 2018ರ ಡಿಸೆಂಬರ್ 21ರಂದು ಐದು ಭಾಷೆಗಳಲ್ಲಿ ಬಂದ ‘ಕೆ.ಜಿ.ಎಫ್.’ ಮತ್ತು 2022ರ ಏಪ್ರಿಲ್ 14ರಂದು ಬಂದ ಅದರ ಎರಡನೆಯ ಭಾಗ ಯಶ್ ಅವರನ್ನು ದೇಶಕ್ಕೆಲ್ಲ ಪರಿಚಯಿಸಿದವು. ಬಸ್ ಚಾಲಕರೊಬ್ಬರ ಮಗನಾದ ಯಶ್ ಕಿರುತೆರೆಯಿಂದ ಬೆಳೆದವರು. ಎರಡನೆಯ ಭಾಗದ ಗಳಿಕೆ ಸಾವಿರ ಕೋಟಿ ರೂಪಾಯಿ ದಾಟಿತೆಂದು ಉದ್ಯಮದ ಅಂದಾಜು. 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಮಾತ್ರ ಬಿಡುಗಡೆಯಾದ ‘ಕಾಂತಾರ’ ಮೆಚ್ಚುಗೆಯ ಬಲದಿಂದಲೇ ಎರಡು ವಾರದೊಳಗೆ ಹಿಂದಿಗೆ ಹೋಯಿತು. ರಿಷಬ್ ಶೆಟ್ಟಿ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಸಂದಿತು.

ಇಂದಿನ ಅಗ್ರತಾರೆಯ ಲಕ್ಷಣಗಳು ಇಲ್ಲಿ ಸ್ಪಷ್ಟವಾಗುತ್ತವೆ. ಮೊದಲ ಮೂರು ದಿನದ ಟಿಕೆಟ್ಟುಗಳನ್ನು ಚಿತ್ರದ ಗುಣ ತಿಳಿಯುವ ಮೊದಲೇ ಮಾರಬಲ್ಲವನು ತಾರೆ; ಇದಕ್ಕೆ ಓಪನಿಂಗ್ ಎನ್ನುತ್ತಾರೆ. ಟಿ.ವಿ., ಒ.ಟಿ.ಟಿ., ಡಬ್ಬಿಂಗ್ ಹಕ್ಕುಗಳನ್ನು ತನ್ನ ಹೆಸರಿನಿಂದ ಮೊದಲೇ ಮಾರಬಲ್ಲವನು ತಾರೆ. ಹಳೆಯ ಮಿನಿಮಮ್ ಗ್ಯಾರಂಟಿ ಈಗ ಈ ರೂಪ ತಾಳಿದೆ. ಅಪರೂಪಕ್ಕೆ ಕಾಣಿಸಿಕೊಳ್ಳುವುದೂ ಒಂದು ಲಕ್ಷಣ. ‘ಕೆ.ಜಿ.ಎಫ್.’ನ ಎರಡು ಭಾಗಗಳ ನಡುವಿನ ಮೂರು ವರ್ಷಗಳಲ್ಲಿ ಯಶ್ ಅವರ ಬೇರೆ ಯಾವ ಚಿತ್ರವೂ ಬರಲಿಲ್ಲ. ಚಿತ್ರ ದೊಡ್ಡದಾದಷ್ಟೂ ಕಾಯುವಿಕೆ ದೀರ್ಘ, ನಿರೀಕ್ಷೆ ಹೆಚ್ಚು. ಆದರೆ ವರ್ಷವಿಡೀ ಬಾಗಿಲು ತೆರೆದಿಡಬೇಕಾದ ತಾಲ್ಲೂಕು ಪೇಟೆಯ ಚಿತ್ರಮಂದಿರಕ್ಕೆ ಈ ಕಾಯುವಿಕೆ ದುಬಾರಿ. ತಾರೆಯ ಚಿತ್ರ ಬಾರದ ತಿಂಗಳುಗಳಲ್ಲಿ ಬಾಗಿಲು ಮುಚ್ಚಿದ ಒಂಟಿ ಪರದೆಯ ಚಿತ್ರಮಂದಿರಗಳು ಮತ್ತೆ ತೆರೆಯದೆ ಕಲ್ಯಾಣಮಂಟಪಗಳಾಗಿರುವುದನ್ನು ನಾಡಿನೆಲ್ಲೆಡೆ ಕಾ಼ಣಬಹುದು.

ಹಳ್ಳಿಯ ಪಾಲೆಷ್ಟು?

ಈ ಹೊಸ ಏರ್ಪಾಡಿನಲ್ಲಿ ಕೋಡಿಹಳ್ಳಿಯಂಥ ಊರಿನ ಪಾತ್ರ ಏನು? ಸುದ್ದಿ ಮೊದಲಿಗಿಂತ ಬೇಗ ಬರುತ್ತದೆ, ಆದರೆ ತೀರ್ಪಿನಲ್ಲಿ ಪಾಲು ಕಡಿಮೆಯಾಗಿದೆ. ಗಳಿಕೆಯ ಹೆಚ್ಚಿನ ಭಾಗ ಟಿಕೆಟ್ ದರ ಹೆಚ್ಚಿರುವ ನಗರದ ಪರದೆಗಳಿಂದ ಬರುತ್ತದೆ. ದೊಡ್ಡ ಚಿತ್ರಗಳಿಗೆ ಮೊದಲ ದಿನಗಳಲ್ಲಿ ದರ ಇನ್ನೂ ಏರುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿದಾಗ ಅದಕ್ಕೆ ಹೈಕೋರ್ಟ್ ತಡೆ ನೀಡಿತು. ಕೂಲಿಯ ಒಂದು ದಿನದ ಗಳಿಕೆಯನ್ನು ಬಸ್ಸಿಗೂ ಟಿಕೆಟ್ಟಿಗೂ ಸುರಿದು ಸಂಸಾರ ಸಮೇತ ಪೇಟೆಗೆ ಹೋಗುವವರು ಕಡಿಮೆ. ಅವರು ಆ ಚಿತ್ರವನ್ನು ಟಿ.ವಿ.ಯಲ್ಲೋ ಮೊಬೈಲಿನಲ್ಲೋ ನೋಡುತ್ತಾರೆ. ಆ ಹೊತ್ತಿಗೆ ಲೆಕ್ಕದ ಪುಸ್ತಕ ಮುಚ್ಚಿರುತ್ತದೆ. ಕೋಟಿಗಳ ಲೆಕ್ಕವೂ ನಿರ್ಮಾಪಕರು ಮತ್ತು ವ್ಯಾಪಾರ ವಿಶ್ಲೇಷಕರು ಹೇಳಿದ್ದೇ ಹೊರತು, ಎಲ್ಲರೂ ಒಪ್ಪುವ ಅಧಿಕೃತ ಲೆಕ್ಕವೊಂದು ದೇಶದಲ್ಲಿಲ್ಲ.

ಹಳ್ಳಿಯ ಪಾಲಿಗೆ ಉಳಿದಿರುವುದು ಅಭಿಮಾನದ ಪ್ರದರ್ಶನ. ಫ್ಲೆಕ್ಸು, ಕಟೌಟು, ಹುಟ್ಟುಹಬ್ಬದ ಕೇಕು, ಎದುರಾಳಿ ನಟನ ಅಭಿಮಾನಿಗಳ ಜೊತೆ ಜಾಲತಾಣದ ಜಗಳ. 2024ರ ಜನವರಿಯಲ್ಲಿ ಯಶ್ ಅವರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋಗಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಮೂವರು ಯುವಕರು ವಿದ್ಯುತ್ ತಗುಲಿ ಸತ್ತರು. ನಟ ಆ ಊರಿಗೆ ಹೋಗಿ ಮನೆಯವರನ್ನು ಕಂಡು, ಅಭಿಮಾನ ಈ ರೀತಿ ತೋರಿಸಬೇಡಿ ಎಂದು ಕೇಳಿಕೊಂಡರು. ಟಿಕೆಟ್ಟಿನ ಮೂಲಕ ಹೇಳುತ್ತಿದ್ದ ಮಾತನ್ನು ಇಂದಿನ ಹಳ್ಳಿಯ ಹುಡುಗ ಜೀವ ಪಣಕ್ಕಿಟ್ಟು ಹೇಳುವಂತಾಗಿರುವುದು ಈ ಚರಿತ್ರೆಯ ಅತ್ಯಂತ ನೋವಿನ ಭಾಗ.

ಹಾಗಾದರೆ ಹಳ್ಳಿ ಪಟ್ಟ ಕಟ್ಟುವ ಕಾಲ ಮುಗಿಯಿತೇ? 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಈ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿತು. ಅವರು ದೇಶವ್ಯಾಪಿ ಗಳಿಕೆಯ ದಾಖಲೆಗಳ ನಟರಾಗಿರಲಿಲ್ಲ. ಆದರೆ ಕರ್ನಾಟಕದ ಹಳ್ಳಿಗಳಲ್ಲಿ ಆ ವಾರ ಒಲೆ ಹಚ್ಚದ ಮನೆಗಳ ಮಾತು ಕೇಳಿಬಂತು. ತಂದೆಯ ಹಾಗೆ ಅವರ ಕಣ್ಣುಗಳನ್ನೂ ದಾನ ಮಾಡಲಾಯಿತು; ಆ ಬಳಿಕ ನೇತ್ರದಾನಕ್ಕೆ ಹೆಸರು ಕೊಡಲು ಜನ ಸಾಲುಗಟ್ಟಿದರು. ತಂದೆಯಂತೆ ಪುನೀತ್ ಕೂಡ ಹಾಲು ಒಕ್ಕೂಟದ ‘ನಂದಿನಿ’ಯ ಪ್ರಚಾರಕ್ಕೆ ಸಂಭಾವನೆ ಪಡೆದಿರಲಿಲ್ಲ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಮನೆಗಳಿಗೆ ಇದು ಸಣ್ಣ ವಿಷಯವಲ್ಲ. 2022ರ ನವೆಂಬರ್ 1ರಂದು ಸರ್ಕಾರ ಅವರಿಗೆ ಮರಣೋತ್ತರವಾಗಿ ಕರ್ನಾಟಕ ರತ್ನ ನೀಡಿತು. ಜನ ಅದಕ್ಕೂ ಮೊದಲೇ ಅವರ ಭಾವಚಿತ್ರವನ್ನು ದೇವರ ಪಟಗಳ ಪಕ್ಕ ತೂಗುಹಾಕಿದ್ದರು.

ಆದ್ದರಿಂದ ಇಂದಿನ ಅಗ್ರತಾರೆಗೆ ಎರಡು ಪರೀಕ್ಷೆಗಳಿವೆ ಎನ್ನಬಹುದು. ಒಂದು, ಬಿಡುಗಡೆಯ ವಾರದ್ದು. ಅದನ್ನು ಬಂಡವಾಳ, ಪ್ರಚಾರ, ಪರದೆಗಳ ಸಂಖ್ಯೆ, ಸಂಘಟಿತ ಅಭಿಮಾನಿಗಳು ಸೇರಿ ಗೆಲ್ಲಿಸಬಲ್ಲರು. ಅದಿಲ್ಲದೆ ಇಂದು ಯಾರೂ ಮೊದಲ ಸಾಲಿಗೆ ಬರಲಾರರು. ಇನ್ನೊಂದು ಪರೀಕ್ಷೆ ಹಳೆಯದು. ಹೊಸ ಚಿತ್ರವಿಲ್ಲದ ವರ್ಷಗಳಲ್ಲಿ ನಡೆಯುವಂಥದು. ಅದಕ್ಕೆ ದಿನಾಂಕವಿಲ್ಲ, ಗಳಿಕೆಯ ಪಟ್ಟಿಯಿಲ್ಲ. ಟೆಂಟಿನ ನೆಲದಲ್ಲಿ ಮರಳು ಗುಡ್ಡೆ ಮಾಡಿ ಕೂತವರು ಗೀರು ಬಿದ್ದ ಹಳೆಯ ಪ್ರಿಂಟನ್ನು ಮತ್ತೆ ನೋಡಲು ಬಂದು ಕೊಡುತ್ತಿದ್ದ ತೀರ್ಪು ಅದು. ಈಗ ಟೆಂಟಿಲ್ಲ. ಆದರೂ ಕೋಡಿಹಳ್ಳಿಯಂಥ ಊರಿನಲ್ಲಿ ಯಾರ ಫ್ಲೆಕ್ಸು ಹುಟ್ಟುಹಬ್ಬ ಮುಗಿದ ಮರುದಿನ ಕೆಳಗಿಳಿಯುತ್ತದೆ, ಯಾರ ಪಟ ಗೋಡೆಯ ಮೇಲೆ ಉಳಿಯುತ್ತದೆ ಎಂಬುದನ್ನು ನಿರ್ಧರಿಸುವವರು ಇಂದಿಗೂ ಆ ಊರಿನವರೇ.